ದಿ ಸೀಕರ್ಸ್: ಮೆಲ್ಬರ್ನ್‌ನ ಕಾಫಿ ಅಂಗಡಿಯಿಂದ ಲಂಡನ್ ಪಟ್ಟಿಯ ತುದಿಗೆ ಎರಡೂಕಾಲು ವರ್ಷದಲ್ಲಿ. ಹೇಗೆ ಸಾಧ್ಯವಾಯಿತು?

ಹಳೇತಟ್ಟೆ

ಅರವತ್ತರ ದಶಕದ ಜನಪದ-ಪಾಪ್ ಎಂದರೆ ನಮ್ಮಲ್ಲಿ ಮಾತು ನ್ಯೂಯಾರ್ಕಿನ ಪೀಟರ್, ಪಾಲ್ ಆಂಡ್ ಮೇರಿ ತಂಡದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಇಲ್ಲಿ ಆಸ್ಟ್ರೇಲಿಯಾದ ಸೀಕರ್ಸ್ ಬಗ್ಗೆ ಮಾತಾಡೋಣ. ಜೂಡಿತ್ ಡರ್ಹಮ್ (ಗಾಯನ), ಕೀತ್ ಪಾಟ್ಗರ್ (ಹನ್ನೆರಡು ತಂತಿಯ ಗಿಟಾರ್, ಬ್ಯಾಂಜೊ), ಬ್ರೂಸ್ ವುಡ್ಲಿ (ಗಿಟಾರ್, ಬ್ಯಾಂಜೊ), ಅಥೋಲ್ ಗೈ (ಡಬಲ್ ಬಾಸ್). ಗಂಡಸರು ಮೂವರೂ ಹಾಡುತ್ತಿದ್ದರು. ನಾಲ್ವರಲ್ಲಿ ಡ್ರಮ್ ಬಾರಿಸುವವರಿಲ್ಲ.

ಜೂಡಿತ್ ಇವರ ಜೊತೆ ಮೊದಲು ಹಾಡಿದ್ದು 1962ರ ಡಿಸೆಂಬರ್ 3ರಂದು, ಮೆಲ್ಬರ್ನ್‌ನ ಟೂರಾಕ್ ರಸ್ತೆಯ ಟ್ರೆಬಲ್ ಕ್ಲೆಫ್ ಎಂಬ ಕಾಫಿ ಅಂಗಡಿಯಲ್ಲಿ. 1965ರ ಫೆಬ್ರವರಿ ಕೊನೆಗೆ ‘ಐಲ್ ನೆವರ್ ಫೈಂಡ್ ಅನದರ್ ಯೂ’ ಬ್ರಿಟನ್ನಿನ ಜನಪ್ರಿಯ ಹಾಡುಗಳ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅದರ ಹಿಂದಿನ ವಾರ ಆ ಜಾಗದಲ್ಲಿದ್ದವರು ಕಿಂಕ್ಸ್, ಇವರನ್ನು ಇಳಿಸಿದವರು ಟಾಮ್ ಜೋನ್ಸ್. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಅಬ್ಬರದ ನಡುವೆ ಸೂಟು ಹಾಕಿದ ಮೂವರು ಗಂಡಸರು ಮತ್ತು ಒಬ್ಬ ಹುಡುಗಿ. ಅದೃಷ್ಟ ಎಂದು ಒಂದೇ ಪದದಲ್ಲಿ ಮುಗಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಿಳಿದವರು ಬನ್ನಿ.

ಅಂಚೆಡಬ್ಬಿ

ಮೆಲ್ಬರ್ನ್ ಭಾಗದಿಂದ ಶುರು ಮಾಡುತ್ತೇನೆ, ಅದನ್ನೇ ಎಲ್ಲರೂ ಎರಡು ಸಾಲಲ್ಲಿ ದಾಟಿಬಿಡುತ್ತಾರೆ.

ಗಂಡಸರು ಮೂವರೂ ಮೆಲ್ಬರ್ನ್ ಹೈಸ್ಕೂಲಿನಲ್ಲಿ ಓದಿದವರು. ಮೊದಲು ಮುಖ್ಯ ಗಾಯಕ ಕೆನ್ ರೇ. ಆತ ಮದುವೆಯಾಗಿ ತಂಡ ಬಿಟ್ಟ. ಅಥೋಲ್ ಗೈ ಕೆಲಸ ಮಾಡುತ್ತಿದ್ದದ್ದು ಜೆ. ವಾಲ್ಟರ್ ಥಾಮ್ಸನ್ ಜಾಹೀರಾತು ಕಂಪನಿಯಲ್ಲಿ. ಅದೇ ಆಫೀಸಿಗೆ ಸೆಕ್ರೆಟರಿಯಾಗಿ ಸೇರಿದ ಹುಡುಗಿ ಜೂಡಿತ್. ಹೆತ್ತವರಿಟ್ಟ ಪೂರ್ತಿ ಹೆಸರು ಜೂಡಿತ್ ಮೇವಿಸ್ ಕಾಕ್; ಡರ್ಹಮ್ ಎನ್ನುವುದು ತಾಯಿಯ ತವರಿನ ಹೆಸರು. ಕೀತ್ ಪಾಟ್ಗರ್ ಹುಟ್ಟಿದ್ದು ಕೊಲಂಬೊದಲ್ಲಿ, ಕೆಲಸ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ರೇಡಿಯೊದಲ್ಲಿ. ಈ ಉದ್ಯೋಗಗಳು ಬರೀ ಸ್ವಾರಸ್ಯಕ್ಕೆ ಹೇಳುವ ವಿವರಗಳಲ್ಲ. ಒಬ್ಬನಿಗೆ ಗಿರಾಕಿಗೆ ಮಾಲು ಹೇಗೆ ಒಪ್ಪಿಸಬೇಕು ಎಂದು ಗೊತ್ತು, ಇನ್ನೊಬ್ಬನ ಕೈಗೆ ರೇಡಿಯೊ ಕೇಂದ್ರದ ಯಂತ್ರಗಳು ಸಿಗುತ್ತಿದ್ದವು. ತಂಡದ ಮಾದರಿ ಟೇಪ್ ತಯಾರಾದದ್ದು ಪಾಟ್ಗರ್‌ಗೆ ಬಿಡುವಿನಲ್ಲಿ ಆ ಸೌಕರ್ಯ ಇದ್ದದ್ದರಿಂದ.

ಜೂಡಿತ್ ಆಗ ಫ್ರಾಂಕ್ ಟ್ರೇನರ್ ಅವರ ಜಾಝ್ ಪ್ರೀಚರ್ಸ್ ತಂಡದ ಜೊತೆ ಹಾಡುತ್ತಿದ್ದರು. ಡಬ್ಲ್ಯು ಆಂಡ್ ಜಿ ಎಂಬ ರೆಕಾರ್ಡ್ ಕಂಪನಿ ಜೂಡಿತ್ ದನಿಯ ಇನ್ನೊಂದು ಮಾದರಿ ಕೇಳಿತು, ಕೈಗೆ ಸಿಕ್ಕಿದ್ದು ಈ ಟೇಪ್. ಕಂಪನಿ ಸೀಕರ್ಸ್‌ಗೇ ಕರಾರು ಕೊಟ್ಟಿತು. ಮೊದಲ ಆಲ್ಬಮ್ 1963ರಲ್ಲಿ ಬಂತು. ಸಿಂಗಲ್ (ಬಿಡಿ ಹಾಡಿನ ತಟ್ಟೆ) ಆಗಿ ಬಿಟ್ಟ ‘ವಾಲ್ಟ್ಸಿಂಗ್ ಮಟಿಲ್ಡಾ’ ಮೆಲ್ಬರ್ನ್ ಪಟ್ಟಿಯಲ್ಲೇ 74ಕ್ಕೆ ನಿಂತಿತು. ಅಂದರೆ ತವರಿನಲ್ಲಿ ಇವರು ಗೆದ್ದು ಹೊರಟವರಲ್ಲ.

ಧಾರವಾಡದ ದನಿ

ಹಡಗಿನ ವಿಷಯ ಯಾರೂ ತೆಗೀಲಿಲ್ಲಲ್ರೀ. 1964ರ ಮೊದಲ ಭಾಗದಾಗ ಫೇರ್‌ಸ್ಕೈ ಅನ್ನೋ ಹಡಗಿನಾಗ ಇಂಗ್ಲೆಂಡಿಗೆ ಹೋದ್ರು, ಪ್ರಯಾಣಿಕರ ಮುಂದ ಹಾಡೋ ಕೆಲಸದ ಮ್ಯಾಲೆ. ಹತ್ತು ವಾರ ಇದ್ದು ವಾಪಸ್ ಬರೋ ಲೆಕ್ಕ ಅವರದು.

ಹಡಗಿನ ಕೆಲಸದ ಗುಣ ಏನಂದ್ರ, ಕೇಳುಗರು ಬದಲಾಗೂದಿಲ್ಲ. ಕಾಫಿ ಅಂಗಡಿಯಾಗ ಅದೇ ಹತ್ತು ಹಾಡು ದಿನಾ ಹಾಡಿದ್ರ ನಡೀತದ, ಯಾಕಂದ್ರ ಮಂದಿ ಬ್ಯಾರೆ. ಹಡಗಿನಾಗ ನಿನ್ನೆ ಕೇಳಿದವರ ಇವತ್ತೂ ಕೂತಿರ್ತಾರ. ಹಾಡಿನ ಪಟ್ಟಿ ಬೆಳೀಲೇಬೇಕು. ಮುದುಕರು, ಮಕ್ಕಳು, ಕುಟುಂಬಗಳು, ಎಲ್ಲಾರೂ ಒಂದ ಸಭಾದಾಗ. ಸ್ಪಿರಿಚುವಲ್ (ಅಮೆರಿಕದ ಕರಿಯರ ಭಕ್ತಿಗೀತೆ), ಜಾಝ್, ಮಕ್ಕಳ ಹಾಡು, ನಡುವ ಅಥೋಲ್ ಗೈ ನಗಸೋ ಮಾತು. ಲಂಡನ್ ದಂಡಿಗೆ ಇಳಿದಾಗ ಇವರ ಹತ್ರ ಬರೀ ಹಾಡಿರಲಿಲ್ಲ, ಪೂರಾ ಒಂದು ಕಾರ್ಯಕ್ರಮ ತಯಾರಿತ್ತು. ಅದನ್ನ ಅದೃಷ್ಟ ಅನ್ನಾಕ ಹ್ಯಾಂಗ್ ಬರ್ತದ?

ಅಂಚೆಡಬ್ಬಿ

ಅದಕ್ಕೆ ಒಂದು ಮಾತು ಸೇರಿಸಬೇಕು. ಹಡಗು ಹತ್ತುವ ಮೊದಲೇ ತಮ್ಮ ಆಲ್ಬಮ್ಮನ್ನು ಲಂಡನ್ನಿನ ಗ್ರೇಡ್ ಏಜೆನ್ಸಿಗೆ ಕಳಿಸಿದ್ದರು. ಇಳಿಯುವ ಹೊತ್ತಿಗೆ ಅಲ್ಲಿನ ಎಡ್ಡಿ ಜಾರೆಟ್ ಇವರಿಗೆ ಕೆಲಸ ಹಿಡಿಯಲು ತಯಾರಿದ್ದರು. ಗ್ರೇಡ್ ಕುಟುಂಬ ಎಂದರೆ ಆಗಿನ ಬ್ರಿಟಿಷ್ ಮನರಂಜನೆಯಲ್ಲಿ ಸಣ್ಣ ಹೆಸರಲ್ಲ. ವೆರೈಟಿ ರಂಗಮಂದಿರ, ಟಿವಿ ಎರಡರಲ್ಲೂ ಕೈಯಿತ್ತು. ‘ಸಂಡೇ ನೈಟ್ ಅಟ್ ದಿ ಲಂಡನ್ ಪಲೇಡಿಯಂ’ನಂಥ ಕಾರ್ಯಕ್ರಮಕ್ಕೆ ಬೇಕಾದದ್ದು ಮನೆಮಂದಿಯೆಲ್ಲ ಕೂತು ನೋಡಬಹುದಾದ ತಂಡ. ಧಾರವಾಡದ ದನಿ ಸರ್ ಹೇಳಿದ ಹಡಗಿನ ಸಭೆಯೂ ಟಿವಿ ಮುಂದಿನ ಸಭೆಯೂ ಹೆಚ್ಚು ಕಡಿಮೆ ಒಂದೇ.

ರಾಕ್‌ಬೆಂಚ್

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ ಗುರೂ. ಟಾಮ್ ಸ್ಪ್ರಿಂಗ್‌ಫೀಲ್ಡ್ ಸಿಗದಿದ್ದರೆ ಇವರು ಹತ್ತು ವಾರ ಕ್ಯಾಬರೆ ಹಾಡಿ ಮನೆಗೆ ಹೋಗ್ತಿದ್ದರು. ‘ಐಲ್ ನೆವರ್ ಫೈಂಡ್ ಅನದರ್ ಯೂ’ ಬರೆದವನು ಅವನು, ಧ್ವನಿಮುದ್ರಣ ಮಾಡಿಸಿದವನೂ ಅವನೇ. ತಂಡದ್ದೇನು?

ಹಳೇತಟ್ಟೆ

ಅವನಿಗೆ ಇವರು ಯಾಕೆ ಬೇಕಾದರು ಎಂದು ನೋಡಿ. ಟಾಮ್, ಅವನ ತಂಗಿ ಡಸ್ಟಿ ಮತ್ತು ಇನ್ನೊಬ್ಬ ಗಾಯಕ ಸೇರಿ ಸ್ಪ್ರಿಂಗ್‌ಫೀಲ್ಡ್ಸ್ ಎಂಬ ತಂಡವಿತ್ತು. ಹೆಣ್ಣುದನಿ ಮುಂದೆ, ಗಂಡುದನಿ ಹಿಂದೆ, ಜನಪದ ಛಾಯೆಯ ಪಾಪ್. 1962ರಲ್ಲಿ ಅಮೆರಿಕದ ಮೊದಲ ಇಪ್ಪತ್ತಕ್ಕೂ ಹೋಗಿದ್ದರು. 1963ರಲ್ಲಿ ತಂಡ ಒಡೆಯಿತು, ಡಸ್ಟಿ ಒಬ್ಬಳೇ ಹಾಡಲು ಹೊರಟಳು. ಟಾಮ್ ಕೈಯಲ್ಲಿ ಆ ಬಗೆಯ ಹಾಡು ಕಟ್ಟುವ ಕಲೆ ಉಳಿದಿತ್ತು, ಹಾಡುವವರಿರಲಿಲ್ಲ. ಡಸ್ಟಿ ಮುಖ್ಯ ಗಾಯಕಿಯಾಗಿದ್ದ ಒಂದು ಕಾರ್ಯಕ್ರಮದಲ್ಲಿ ಸೀಕರ್ಸ್ ಹಾಡಿದರು, ಪರಿಚಯವಾದದ್ದು ಹಾಗೆ. ತೆರವಾದ ಜಾಗದ ಅಳತೆಗೆ ಸರಿಯಾಗಿ ಕೂರುವ ತಂಡ ತಯಾರಾಗಿ ಎದುರಿಗೆ ಬಂತು. ಒಂದು ಪಾಲು ಟಾಮ್‌ಗೆ ಕೊಡೋಣ, ಪೂರ್ತಿ ಕೊಡಬೇಡಿ.

1964ರ ನವೆಂಬರ್ 4ರಂದು ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊದಲ್ಲಿ ಆ ಹಾಡಿನ ಧ್ವನಿಮುದ್ರಣ, ಡಿಸೆಂಬರಿನಲ್ಲಿ ಇಎಂಐ ಕಂಪನಿಯ ಕೊಲಂಬಿಯಾ ಲೇಬಲ್ಲಿನಲ್ಲಿ ಬಿಡುಗಡೆ. ಆಗ ಇಎಂಐ ಜೊತೆ ಇವರಿಗೆ ಕರಾರೂ ಇರಲಿಲ್ಲ. ಸಮುದ್ರದ ಮೇಲಿನ ಹಡಗಿನಿಂದ ಪ್ರಸಾರ ಮಾಡುತ್ತಿದ್ದ ರೇಡಿಯೊ ಕ್ಯಾರಲೈನ್ ಹಾಡನ್ನು ಮತ್ತೆ ಮತ್ತೆ ಹಾಕಿತು. ಬ್ರಿಟನ್, ಆಸ್ಟ್ರೇಲಿಯಾ ಎರಡರಲ್ಲೂ ಒಂದನೇ ಸ್ಥಾನ, ಅಮೆರಿಕದಲ್ಲಿ ನಾಲ್ಕು. ಸುಮಾರು 17.5 ಲಕ್ಷ ಪ್ರತಿ ಮಾರಾಟ.

ಮಂದ್ರಪಂಚಮ

ರಾಕ್‌ಬೆಂಚ್ ಅವರ ‘ತಂಡದ್ದೇನು’ ಪ್ರಶ್ನೆಗೆ ಉತ್ತರ ದನಿಗಳ ಜೋಡಣೆಯಲ್ಲಿದೆ. ನಮ್ಮ ಸ್ವರದ ಲೆಕ್ಕದಲ್ಲೇ ಹೇಳುತ್ತೇನೆ, ಶಂಕರಾಭರಣ ಗೊತ್ತಿದ್ದರೆ ಸಾಕು.

ಸ-ಗ-ಪ ಒಂದು ಗುಂಪು, ಮ-ದ-ಸ ಎರಡನೆಯದು, ಪ-ನಿ-ರಿ ಮೂರನೆಯದು. ಈ ಬಗೆಯ ಹಾಡುಗಳ ಬಹುಪಾಲು ಈ ಮೂರರ ಮೇಲೆಯೇ ನಡೆಯುತ್ತದೆ. ಗಾಯಕಿ ಪಂಚಮದಲ್ಲಿದ್ದಾಗ ಅವಳ ಕೆಳಗಿನ ಗಂಡುದನಿ ಗಾಂಧಾರ, ಅದರ ಕೆಳಗಿನದು ಷಡ್ಜ, ತಳದಲ್ಲಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಹಾಡು ದೈವತಕ್ಕೆ ಏರಿ ಎರಡನೇ ಗುಂಪಿಗೆ ಹೋದರೆ ಗಾಂಧಾರದವನು ಒಂದೇ ಮೆಟ್ಟಿಲು ಏರಿ ಮಧ್ಯಮಕ್ಕೆ ಹೋಗುತ್ತಾನೆ, ಷಡ್ಜದವನು ಅಲುಗುವುದೇ ಇಲ್ಲ, ತಳದವನು ಮಧ್ಯಮ ಹಿಡಿಯುತ್ತಾನೆ. ಮತ್ತೆ ಪಂಚಮಕ್ಕೆ ಇಳಿದು ಮೂರನೇ ಗುಂಪು ಬಂದರೆ ಮಧ್ಯಮದವನು ರಿಷಭಕ್ಕೆ, ಷಡ್ಜದವನು ಕೆಳಗಿನ ನಿಷಾದಕ್ಕೆ, ತಳದವನು ಪಂಚಮಕ್ಕೆ. ಒಳಗಿನ ಇಬ್ಬರೂ ಆದಷ್ಟು ಕಡಿಮೆ ಓಡಾಡಬೇಕು ಎನ್ನುವುದು ನಿಯಮ.

ಹೊಸಬರ ಕೈಯಲ್ಲಿ ಇದು ಕೆಡುವುದು ಒಂದೇ ಕಡೆ. ‘ಯಾವಾಗಲೂ ಎರಡು ಸ್ವರ ಕೆಳಗೆ ಹಾಡಿದರಾಯಿತು’ ಎಂದುಕೊಂಡು ಪಂಚಮಕ್ಕೆಲ್ಲ ಗಾಂಧಾರ ಹಾಕುತ್ತಾರೆ. ಪ-ನಿ-ರಿ ನುಡಿಯುವಾಗ ಗಾಂಧಾರ ರಿಷಭಕ್ಕೆ ಉಜ್ಜುತ್ತದೆ, ಕೇಳುವವರಿಗೆ ಯಾರೋ ಅಪಸ್ವರ ಹಾಡಿದಂತೆ ಅನ್ನಿಸುತ್ತದೆ, ಯಾರೆಂದು ಗೊತ್ತಾಗುವುದಿಲ್ಲ.

ಸೀಕರ್ಸ್‌ನ ಹೆಚ್ಚಿನ ಹಾಡುಗಳಲ್ಲಿ ಮೂಲ ಧಾಟಿಯೇ ಮೇಲ್ತುದಿಯ ದನಿ. ಉಳಿದವರು ಅದರ ಕೆಳಗೆ ಹಂದರ ಹಾಕುತ್ತಾರೆ. ಮೊದಲ ಸಲ ಕೇಳಿದವನ ಕಿವಿಗೂ ಯಾವುದು ಹಾಡು, ಯಾವುದು ಜೊತೆದನಿ ಎಂಬ ಗೊಂದಲವಿಲ್ಲ, ಕೂಡಲೇ ಗುನುಗಬಹುದು. ಜೂಡಿತ್ ದನಿ ಉದ್ದಕ್ಕೂ ನೇರ, ಸ್ವರದ ಮಧ್ಯಕ್ಕೆ ಹೋಗಿ ನಿಲ್ಲುತ್ತದೆ. ಜಾಝ್‌ನಲ್ಲಿ ಹಾಡಿದವರು, ಶಾಸ್ತ್ರೀಯ ಪಿಯಾನೊದಲ್ಲಿ ಡಿಪ್ಲೊಮಾ ಪಡೆದವರು. ಆದರೂ ಇಲ್ಲಿ ಅಲಂಕಾರ ತುಂಬುವುದಿಲ್ಲ. ತುಂಬಿದರೆ ಕೆಳಗಿನ ಮೂವರಿಗೆ ಹಿಡಿಯಲು ಏನೂ ಇರುವುದಿಲ್ಲ.

ರಾಕ್‌ಬೆಂಚ್

ಹಾಗಾದರೆ ಗಮಕ ಹಾಕಿ ಬೆಳೆದ ನಮ್ಮ ಗಾಯಕಿಯರು ಇದನ್ನು ಹಾಡಿದರೆ?

ಮಂದ್ರಪಂಚಮ

ಜಾರು, ಕಂಪಿತ (ಸ್ವರವನ್ನು ತೂಗಾಡಿಸುವುದು) ಎರಡನ್ನೂ ಬದಿಗಿಡಬೇಕು. ಒಬ್ಬರೇ ಹಾಡುವ ಸಾಲಿನಲ್ಲಿ ಸಣ್ಣ ಜಾರು ಚೆಂದವೇ. ನಾಲ್ವರೂ ಕೂಡಿದ ಸಾಲಿನಲ್ಲಿ ಒಬ್ಬರು ಸ್ವರದಿಂದ ಸ್ವರಕ್ಕೆ ಜಾರಿ, ಉಳಿದವರು ನೇರ ಹಾರಿದರೆ ಆ ಅರೆಕ್ಷಣ ಪೂರ್ತಿ ಕಲಸುಮೇಲೋಗರ.

ಇನ್ನೊಂದು ಸೂಕ್ಷ್ಮವಿದೆ. ತಂಬೂರಿಗೆ ಹೊಂದಿಸಿ ಹಾಡುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ಸ್ (ಒಂದು ಸ್ಥಾಯಿಗೆ 1200) ದೂರದಲ್ಲಿರುತ್ತದೆ, ಗಿಟಾರ್ ಮನೆಯದು (ಫ್ರೆಟ್) 400. ಬರೀ ದನಿಗಳಿದ್ದರೆ 386 ಸೊಗಸು. ಗಿಟಾರ್ ಜೊತೆಗೆ ಗಾಂಧಾರ ಹಾಡುವವರು ಆ 14 ಸೆಂಟ್ಸ್ ಏರಿಸಿಕೊಳ್ಳದಿದ್ದರೆ ಶ್ರುತಿ ಇಳಿದಂತೆ ಕೇಳಿಸುತ್ತದೆ. ದೈವತ, ನಿಷಾದ ಹಾಡುವವರಿಗೂ ಹೆಚ್ಚು ಕಡಿಮೆ ಇದೇ ಮಾತು.

ಹನ್ನೆರಡುತಂತಿ

ನನ್ನ ವಿಷಯ ಬಂತು. ‘ಐಲ್ ನೆವರ್ ಫೈಂಡ್ ಅನದರ್ ಯೂ’ ಆರಂಭದಲ್ಲೇ ಮಿನುಗುವ ನಾದ ಪಾಟ್ಗರ್‌ನ ಹನ್ನೆರಡು ತಂತಿಯದು. ತಂಡದಲ್ಲಿ ಆರು ತಂತಿಯ ಗಿಟಾರ್ ಇನ್ನೊಂದಿತ್ತು. ಎರಡೂ ಒಂದೇ ಕೆಲಸ ಮಾಡಿದರೆ ಗಲಾಟೆಯಾಗುತ್ತದೆ. ಆರು ತಂತಿ ತಾಳದ ಪೆಟ್ಟು ಹಿಡಿದರೆ ಹನ್ನೆರಡು ತಂತಿ ಮೇಲಿನ ಹೊಳಪು ತುಂಬಬೇಕು.

ಜೋಡಿಗಳ ಲೆಕ್ಕ: ದಪ್ಪ ತಂತಿಯ ಕಡೆಯಿಂದ ಮೊದಲ ನಾಲ್ಕು ಜೋಡಿಗಳಲ್ಲಿ (ಇ, ಎ, ಡಿ, ಜಿ) ಒಂದು ತಂತಿ ಮಾಮೂಲು ಸ್ವರ, ಇನ್ನೊಂದು ಅದರ ಮೇಲಿನ ಸ್ಥಾಯಿ. ಕೊನೆಯ ಎರಡು ಜೋಡಿ (ಬಿ, ಸಣ್ಣ ಇ) ಎರಡೂ ಒಂದೇ ಸ್ವರ. ಸಾಮಾನ್ಯ ಅಕೌಸ್ಟಿಕ್‌ನಲ್ಲಿ ಸಣ್ಣ ತಂತಿ ಹೆಬ್ಬೆರಳಿನ ಕಡೆಗಿರುತ್ತದೆ, ಕೆಳಮುಖ ಪೆಟ್ಟಿಗೆ ಅದೇ ಮೊದಲು ತಾಗುತ್ತದೆ. ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್‌ನಲ್ಲಿ ಇದು ತಿರುವುಮುರುವು. ಅದನ್ನು ಬಾರಿಸಿದ ಅಮೆರಿಕದ ಬರ್ಡ್ಸ್ ತಂಡದ ನಾದ ಬೇರೆ, ಸೀಕರ್ಸ್ ನಾದ ಬೇರೆ ಅನ್ನಿಸಲು ಇರುವ ಕಾರಣಗಳಲ್ಲಿ ಇದೂ ಒಂದು.

ಕೆಡುವುದು ಎಲ್ಲಿ? ಹನ್ನೆರಡು ತಂತಿಗಳ ಎಳೆತ ಒಟ್ಟು 110 ಕಿಲೋ ಆಸುಪಾಸು, ಆರು ತಂತಿಯಲ್ಲಿ 70ರ ಹತ್ತಿರ. ಕಡಿಮೆ ಬೆಲೆಯ ವಾದ್ಯದಲ್ಲಿ ವರ್ಷದೊಳಗೆ ಬ್ರಿಜ್ (ತಂತಿಗಳ ಬುಡ ಕೂರುವ ಪಟ್ಟಿ) ಹಿಂದಿನ ಹಲಗೆ ಉಬ್ಬುತ್ತದೆ, ತಂತಿ ಮನೆಗಳಿಂದ ಮೇಲೆದ್ದು ಒತ್ತಲು ಕಷ್ಟವಾಗುತ್ತದೆ. ಮಂಗಳೂರಿನ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಮೊದಲು ಹರಿಯುವುದು ಜಿ ಜೋಡಿಯ ಸಣ್ಣ ತಂತಿ, 0.008 ಅಥವಾ 0.009 ಇಂಚಿನದು. ಅದನ್ನೇ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಪರಿಹಾರ ಹಳೆಯದು: ಇಡೀ ವಾದ್ಯವನ್ನು ಒಂದು ಸ್ವರ ಇಳಿಸಿ ಡಿ-ಇಂದ-ಡಿಗೆ ಶ್ರುತಿ ಮಾಡಿ. ಮಾಮೂಲು ಎತ್ತರ ಬೇಕಾದಾಗ ಎರಡನೇ ಮನೆಗೆ ಕೇಪೊ (ಎಲ್ಲ ತಂತಿ ಒತ್ತಿಹಿಡಿಯುವ ಹಿಡಿಕೆ). ಶ್ರುತಿ ಮಾಡುವಾಗ ಮೊದಲು ಆರು ಮುಖ್ಯ ತಂತಿ, ಆಮೇಲೆ ಅವುಗಳ ಜೋಡಿ, ಕೊನೆಗೆ ಆರನ್ನೂ ಮತ್ತೊಮ್ಮೆ ನೋಡಿ, ಎಳೆತ ಏರಿದಂತೆ ಮೊದಲಿನವು ಇಳಿದಿರುತ್ತವೆ. ಕೇಪೊ ಹಾಕಿದ ಮೇಲೆ ದಪ್ಪ ಮತ್ತು ಸಣ್ಣ ತಂತಿ ಬೇರೆ ಬೇರೆ ಪ್ರಮಾಣದಲ್ಲಿ ಏರುತ್ತವೆ. ಮನೆಗೆ ತೀರಾ ಹತ್ತಿರ, ಬೇಕಾದಷ್ಟೇ ಬಿಗಿಯಾಗಿ ಕೂರಿಸಿ.

ಧಾರವಾಡದ ದನಿ

ಜನಪದ ಅಂತ ಕರೀತೀರಿ, ಆದ್ರ ಇವರ ದೊಡ್ಡ ಹಾಡು ಒಂದೂ ಜನಪದ ಅಲ್ಲಲ್ರೀ? ಆಗಿನ ಕಟ್ಟಾ ಜನಪದ ಮಂದಿ ಇವರನ್ನ ಒಪ್ಪಲಿಲ್ಲ ಅಂತ ಕೇಳೇನಿ.

ಹಳೇತಟ್ಟೆ

ಒಂದಾದರೂ ಇದೆ. ‘ದಿ ಕಾರ್ನಿವಲ್ ಈಸ್ ಓವರ್’ ಧಾಟಿ ರಷ್ಯಾದ ಸ್ಟೆಂಕಾ ರಾಜಿನ್ ಹಾಡಿನದು; ಕೊಸಾಕ್ ಬಂಡಾಯಗಾರನ ಕಥೆ ಹೇಳುವ ಆ ಹಾಡಿನ ಸಾಹಿತ್ಯ 1883ರಷ್ಟು ಹಿಂದಿನದು. ಟಾಮ್ ಸ್ಪ್ರಿಂಗ್‌ಫೀಲ್ಡ್ ಕಡ್ಡಾಯ ಸೈನ್ಯಸೇವೆಯಲ್ಲಿದ್ದಾಗ ರಷ್ಯನ್ ಭಾಷಾ ಶಾಲೆಯಲ್ಲಿದ್ದ, ಅಲ್ಲಿ ರಷ್ಯನ್ ಸಮೂಹಗಾನ ನಡೆಯುತ್ತಿತ್ತು. ಧಾಟಿ ಅಲ್ಲಿಂದ ಬಂತು, ಇಂಗ್ಲಿಷ್ ಸಾಹಿತ್ಯ ಅವನದೇ ಹೊಸ ರಚನೆ. 1965ರ ನವೆಂಬರ್ ಕೊನೆಯಿಂದ ಮೂರು ವಾರ ಬ್ರಿಟನ್ನಿನಲ್ಲಿ ಒಂದನೇ ಸ್ಥಾನ. ಭರಾಟೆಯಲ್ಲಿದ್ದಾಗ ದಿನಕ್ಕೆ 93,000 ಪ್ರತಿ ಹೋಗುತ್ತಿದ್ದವು. ಅದರ ಹಿಂದೆ ಆ ಸ್ಥಾನದಲ್ಲಿದ್ದದ್ದು ರೋಲಿಂಗ್ ಸ್ಟೋನ್ಸ್, ಮುಂದೆ ಬಂದದ್ದು ಬೀಟಲ್ಸ್.

ಕಟ್ಟಾ ಜನಪದದವರ ತಕರಾರಿನಲ್ಲಿ ಹುರುಳಿಲ್ಲ ಎನ್ನಲಾರೆ. ಇವರ ಹಾಡುಗಳಲ್ಲಿ ಪ್ರತಿಭಟನೆಯ ಖಾರ ತೀರಾ ಕಡಿಮೆ. ಪೀಟರ್, ಪಾಲ್ ಆಂಡ್ ಮೇರಿ ನಾಗರಿಕ ಹಕ್ಕುಗಳಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಹಾಡಿದರು. ಸೀಕರ್ಸ್‌ಗೆ ಅಂಥ ಒಂದು ದಿನ ಇಲ್ಲ. ಆದರೆ ಪಲೇಡಿಯಂ ವೇದಿಕೆ ಇವರಿಗೆ ಒಗ್ಗಿದ್ದೂ ಅದೇ ಕಾರಣಕ್ಕೆ.

ರಾಕ್‌ಬೆಂಚ್

ಅಮೆರಿಕದ ಗೀತಕಾರ ಪಾಲ್ ಸೈಮನ್ ನಂಟು ಬಿಟ್ಟುಹೋಯ್ತು. ಆಗ ಅವನು ಇಂಗ್ಲೆಂಡಿನಲ್ಲೇ ಕ್ಲಬ್ಬುಗಳಲ್ಲಿ ಹಾಡಿಕೊಂಡಿದ್ದ. ಸೀಕರ್ಸ್ ಅವನ ‘ಸಮ್‌ಡೇ ಒನ್ ಡೇ’ ಹಾಡಿದರು. 1966ರಲ್ಲಿ 11ನೇ ಸ್ಥಾನ. ವುಡ್ಲಿ ಅವನ ಜೊತೆ ಕೂತು ಬರೆದ ‘ರೆಡ್ ರಬ್ಬರ್ ಬಾಲ್’ ಅನ್ನು ಸರ್ಕಲ್ ಎಂಬ ತಂಡ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಒಯ್ತು. ಅದೇ ಜೋಡಿಯ ‘ಕ್ಲೌಡಿ’ ಸೈಮನ್ ಆಂಡ್ ಗಾರ್ಫಂಕೆಲ್ ಆಲ್ಬಮ್ಮಿನಲ್ಲಿ ಬಂದಾಗ ವುಡ್ಲಿ ಹೆಸರೇ ಇರಲಿಲ್ಲ. ಜೊತೆಗೂಡಿ ಬರೆಯುವವರು ಪಾಲು ಎಷ್ಟೆಂದು ಮೊದಲೇ ಕಾಗದದ ಮೇಲೆ ಇಳಿಸಿಕೊಳ್ಳಿ, ಅಷ್ಟೇ.

ಅಂಚೆಡಬ್ಬಿ

ಅಮೆರಿಕದ ವಿಷಯಕ್ಕೆ ಬಂದರೆ, ಅಲ್ಲಿ ಇವರ ದೊಡ್ಡ ಗೆಲುವು ‘ಜಾರ್ಜಿ ಗರ್ಲ್’. ಧಾಟಿ ಟಾಮ್‌ನದು, ಸಾಹಿತ್ಯ ನಟ ಜಿಮ್ ಡೇಲ್‌ನದು, ಅದೇ ಹೆಸರಿನ 1966ರ ಚಿತ್ರಕ್ಕೆ ಮಾಡಿದ್ದು. ಬಿಲ್‌ಬೋರ್ಡ್‌ನಲ್ಲಿ ಎರಡು, ಕ್ಯಾಶ್‌ಬಾಕ್ಸ್‌ನಲ್ಲಿ ಒಂದು. ಎರಡು ಪತ್ರಿಕೆಗಳ ಲೆಕ್ಕದ ಕ್ರಮ ಬೇರೆಯಾದ್ದರಿಂದ ಜಾಲದಲ್ಲಿ ಎರಡೂ ಅಂಕಿ ಕಾಣುತ್ತವೆ, ಜಗಳ ಬೇಡ. ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು, ಪ್ರಶಸ್ತಿ ‘ಬಾರ್ನ್ ಫ್ರೀ’ಗೆ ಹೋಯಿತು. ಚಿತ್ರದಲ್ಲಿ ಕೇಳುವ ಸಾಹಿತ್ಯ ಮತ್ತು ಸಿಂಗಲ್‌ನ ಸಾಹಿತ್ಯ ಒಂದೇ ಅಲ್ಲ, ಹಾಡಲು ಕಲಿಯುವವರು ಯಾವುದು ಕೈಯಲ್ಲಿದೆ ಎಂದು ನೋಡಿಕೊಳ್ಳಿ.

1967ರ ಮಾರ್ಚ್ 12ರಂದು ಮೆಲ್ಬರ್ನ್‌ನ ಸಿಡ್ನಿ ಮೈಯರ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅದು ಮೂಂಬಾ ಹಬ್ಬದ ಉಚಿತ ಕಾರ್ಯಕ್ರಮ ಎಂಬುದನ್ನು ಬಿಟ್ಟು ಅಂಕಿ ಮಾತ್ರ ಹೇಳುವುದು ಸರಿಯಲ್ಲ. ಹಾಗಿದ್ದರೂ ನಾಲ್ಕು ವರ್ಷದ ಹಿಂದೆ ಅದೇ ಊರಿನ ಪಟ್ಟಿಯಲ್ಲಿ 74ರಲ್ಲಿದ್ದ ತಂಡ ಅದು. ಆ ವರ್ಷದ ‘ಆಸ್ಟ್ರೇಲಿಯನ್ ಆಫ್ ದಿ ಇಯರ್’ ಗೌರವ ನಾಲ್ವರಿಗೂ ಸೇರಿ ಸಂದಿತು. 1968ರ ಫೆಬ್ರವರಿಯಲ್ಲಿ ಜೂಡಿತ್ ಬಿಡುವುದಾಗಿ ಹೇಳಿದರು, ಜುಲೈನಲ್ಲಿ ಬಿಬಿಸಿಯ ಬೀಳ್ಕೊಡುಗೆ ಕಾರ್ಯಕ್ರಮದೊಂದಿಗೆ ಆ ದಶಕದ ತಂಡ ಮುಗಿಯಿತು.

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು (ಒಬ್ಬಳು ಹುಡುಗಿ, ಮೂವರು ಹುಡುಗರು) ಕಾಲೇಜು ಕಾರ್ಯಕ್ರಮಕ್ಕೆ ಈ ಬಗೆಯ ಹಾಡು ತಯಾರು ಮಾಡಬೇಕೆಂದಿದ್ದೇವೆ. ಡಬಲ್ ಬಾಸ್ ಇಲ್ಲ, ಬಾಸ್ ಗಿಟಾರ್ ಇದೆ. ಮೈಕ್ ಎರಡೇ. ಗಾಯಕಿ ಕರ್ನಾಟಕ ಸಂಗೀತ ಕಲಿತವಳು, ಐದು ಮನೆ ಶ್ರುತಿ, ಅಂದರೆ ಜಿ. ಯಾವ ಶ್ರುತಿಯಲ್ಲಿ ಹಾಡುವುದು?

ಮಂದ್ರಪಂಚಮ

ಒಂದು ಮನೆಯಲ್ಲಿ, ಅಂದರೆ ಸಿ. ಆಕೆಯ ಮಾಮೂಲು ಷಡ್ಜ ಇಲ್ಲಿ ಮಂದ್ರ ಪಂಚಮವಾಗುತ್ತದೆ. ಮಂದ್ರ ಪಂಚಮದಿಂದ ಮಧ್ಯ ದೈವತದವರೆಗೆ ಓಡಾಡುವ ಹಾಡು ಆಕೆಗೆ ಆರಾಮ. ಕಷ್ಟವಿರುವುದು ಹುಡುಗರಿಗೆ: ಆಕೆ ಪಂಚಮದಲ್ಲಿದ್ದಾಗ ಕೆಳಗಿನ ಗಾಂಧಾರ ಒಂದು ಮನೆಯ ಗಂಡುದನಿಗೆ ತಾರ ಗಾಂಧಾರ. ಅದನ್ನು ಕೂಗದೆ ಹಗುರಾಗಿ ಹಾಡಬಲ್ಲವನಿಗೇ ಆ ಪಾಲು ಕೊಡಿ. ಸಾಧ್ಯವಾಗದಿದ್ದರೆ ಅರ್ಧ ಮನೆ ಇಳಿಸಿ, ಏರಿಸಬೇಡಿ.

ಅಭ್ಯಾಸದಲ್ಲಿ ಮೊದಲು ಗಾಯಕಿ ಮತ್ತು ತಳದ ದನಿ ಮಾತ್ರ. ಅದು ನಿಂತ ಮೇಲೆ ಮೇಲಿನ ಗಂಡುದನಿ, ಕೊನೆಗೆ ಷಡ್ಜದವನು. ನಾಲ್ವರೂ ಒಟ್ಟಿಗೆ ಶುರು ಮಾಡಿದರೆ ಒಳಗಿನ ಇಬ್ಬರು ಎರಡು ಸಾಲಿನಲ್ಲೇ ಮೂಲ ಧಾಟಿಗೆ ಜಾರಿಬಿಡುತ್ತಾರೆ. ಮೊದಲ ಚರಣ ಗಾಯಕಿ ಒಬ್ಬಳೇ ಹಾಡಲಿ, ಪಲ್ಲವಿಗೆ ಮಾತ್ರ ನಾಲ್ಕು ದನಿ.

ಹನ್ನೆರಡುತಂತಿ

ಬಾಸ್ ಗಿಟಾರಿನಲ್ಲಿ ಬ್ರಿಜ್ ಹತ್ತಿರ ತಂತಿಯ ಕೆಳಗೆ ಸ್ಪಂಜಿನ ತುಂಡು ತುರುಕಿ, ಹೆಬ್ಬೆರಳಿನಿಂದ ಮೀಟಿ. ನಾದ ಉದ್ದಕ್ಕೆ ಎಳೆಯದೆ ಡಬಲ್ ಬಾಸ್‌ನಂತೆ ಬೇಗ ಆರುತ್ತದೆ. ನಾಲ್ಕು ಪೆಟ್ಟಿನ ಹಾಡಿಗೆ ಒಂದನೇ ಪೆಟ್ಟಿಗೆ ಗುಂಪಿನ ಮೂಲಸ್ವರ, ಮೂರನೆಯದಕ್ಕೆ ಅದರ ಪಂಚಮ. ಡ್ರಮ್ ಇಲ್ಲದ ತಂಡದಲ್ಲಿ ತಾಳ ಕಾಯುವವನು ಇವನೇ, ಆದ್ದರಿಂದ ಚಮತ್ಕಾರ ಬೇಡ.

ಎರಡು ಮೈಕಿನಲ್ಲಿ ಒಂದು ಗಾಯಕಿಗೆ, ಬಾಯಿಂದ ಒಂದು ಗೇಣು. ಇನ್ನೊಂದು ಮೂವರು ಹುಡುಗರಿಗೆ, ಎದೆಮಟ್ಟಕ್ಕಿಂತ ಮೇಲೆ, ಎರಡರಿಂದ ಎರಡೂವರೆ ಅಡಿ ದೂರ, ಅರ್ಧಚಂದ್ರಾಕಾರವಾಗಿ ನಿಲ್ಲಿ. ದನಿ ಜೋರಿರುವವನು ಅರ್ಧ ಹೆಜ್ಜೆ ಹಿಂದೆ. ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಮೈಕುಗಳ ನಡುವಿನ ಅಂತರ, ಹುಡುಗರಿಂದ ಅವರ ಮೈಕಿಗಿರುವ ದೂರದ ಮೂರರಷ್ಟಿರಲಿ. ಹತ್ತಿರವಿಟ್ಟರೆ ಒಂದೇ ದನಿ ಎರಡರಲ್ಲೂ ನುಗ್ಗಿ ಟೊಳ್ಳಾಗಿ ಕೇಳಿಸುತ್ತದೆ.

ಗಿಟಾರ್ ಬಗ್ಗೆ: ಹನ್ನೆರಡು ತಂತಿಯನ್ನು ಒಂದು ಸ್ವರ ಇಳಿಸಿದ್ದರೆ ಕೇಪೊ ಇಲ್ಲದೆಯೇ ಡಿ, ಜಿ, ಎ ಆಕಾರ ಹಿಡಿಯಿರಿ, ಕೇಳಿಸುವುದು ಸಿ, ಎಫ್, ಜಿ, ಮಂದ್ರಪಂಚಮ ಅವರು ಹೇಳಿದ ಒಂದು ಮನೆಯೇ. ಆರು ತಂತಿಯವನು ಮಾಮೂಲು ಶ್ರುತಿಯಲ್ಲಿ ನೇರವಾಗಿ ಸಿ, ಎಫ್, ಜಿ ಹಿಡಿಯಲಿ. ಎರಡು ಆಕಾರ ಬೇರೆಯಾದಷ್ಟೂ ನಾದ ತುಂಬಿ ಬರುತ್ತದೆ. ಬಾಸ್ ಹುಡುಗನಿಗೆ ಮಾತ್ರ ‘ಡಿ’ ಎಂದು ಕೂಗಿ ಹೇಳಬೇಡಿ, ಅವನು ಡಿ ಬಾರಿಸಿಬಿಡುತ್ತಾನೆ.